ಗೋಡೆಗಿಟ್ಟ ಅಂಗೈ

ಅವಳ ಕೆಲಸ ಏನೆಂದು ಜನಕ್ಕೆ ಒಂದೇ ಸಲಕ್ಕೆ ತಿಳಿಯುತ್ತಿರಲಿಲ್ಲ. "ದುಭಾಷಿ" ಎಂದರೆ "ಯಾವ ಯಾವ ಭಾಷೆ ಬರುತ್ತಮ್ಮ?" ಎಂದು ಕೇಳುತ್ತಿದ್ದರು. ಅವಳು ನಗುತ್ತ ಎರಡೂ ಕೈ ಎತ್ತಿ ತೋರಿಸುತ್ತಿದ್ದಳು. ಒಮ್ಮೆ ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸೊಬ್ಬಳು ಅದನ್ನು ನೋಡಿ ತನ್ನ ಅಂಗೈಯನ್ನೇ ಮುಂದೆ ಚಾಚಿ, "ಹಾಗಾದ್ರೆ ನನ್ನ ಮಗಳ ಮದುವೆ ಯಾವಾಗ ಆಗುತ್ತೆ ನೋಡಿ ಹೇಳಿ" ಎಂದಿದ್ದಳು. ಕಿವಿ ಕೇಳಿಸದವರ ಕೈಮಾತನ್ನು ಬಾಯಿಮಾತಿಗೆ, ಬಾಯಿಮಾತನ್ನು ಕೈಮಾತಿಗೆ ತಿರುಗಿಸುವುದು ಒಂದು ಉದ್ಯೋಗ, ಅದಕ್ಕೆ ಸಂಬಳವೂ ಉಂಟು ಎಂಬುದು ಬಹಳ ಜನಕ್ಕೆ ಇವತ್ತಿಗೂ ಸೋಜಿಗ.

ಅವಳಿಗೆ ಅದು ಹಾಲು ಕುಡಿಯುವಾಗಲೇ ಅಂಟಿಕೊಂಡ ವಿದ್ಯೆ. ಅಪ್ಪ, ಅಮ್ಮ ಇಬ್ಬರಿಗೂ ಕಿವಿ ಕೇಳಿಸುತ್ತಿರಲಿಲ್ಲ. ಅಂಥ ಮನೆಯಲ್ಲಿ ಸದ್ದುಗದ್ದಲ ಇರುವುದಿಲ್ಲ ಎಂದುಕೊಂಡವರು ಅಂಥ ಮನೆಯ ಹೊಸ್ತಿಲನ್ನೇ ತುಳಿದಿಲ್ಲ ಎಂದು ತಿಳಿಯಬೇಕು. ಅಪ್ಪ ಬಡಗಿ, ಅವನು ಕದ ಎಳೆದುಕೊಂಡರೆ ಬೀದಿಯೇ ಎದ್ದು ಕೂರುತ್ತಿತ್ತು. ಅಮ್ಮ ಪಾತ್ರೆಯನ್ನು ಇಡುತ್ತಿರಲಿಲ್ಲ, ಕುಕ್ಕುತ್ತಿದ್ದಳು. ಗಂಡನನ್ನು ಕರೆಯಬೇಕಾದರೆ ಹಿಮ್ಮಡಿಯಿಂದ ನೆಲ ಗುದ್ದುತ್ತಿದ್ದಳು, ಒಳಕೋಣೆಯಲ್ಲಿ ಮಲಗಿದ್ದರೆ ನಡುಗೋಡೆ ತಟ್ಟುತ್ತಿದ್ದಳು. ಎರಡು ಸಲ ತಟ್ಟಿದರೆ "ಇದೀಯಾ?" ಎಂದು. ತಿರುಗಿ ಎರಡು ಸಲ ತಟ್ಟಿದರೆ "ಇದೀನಿ". ನೆಲ, ಗೋಡೆ, ಮೇಜು ಎಲ್ಲವೂ ಮಾತು ಸಾಗಿಸುತ್ತವೆ ಎಂಬುದು ಮಗಳಿಗೆ ಅಕ್ಷರ ಕಲಿಯುವ ಮೊದಲೇ ಗೊತ್ತಾಗಿತ್ತು.

ಕಚೇರಿ, ಆಸ್ಪತ್ರೆ, ಅಂಗಡಿ, ಎಲ್ಲಿಗೆ ಹೋದರೂ ಅಪ್ಪನಿಗೆ ಅವಳೇ ಬಾಯಿ. ಒಂದು ದಿನ ಯಾವುದೋ ಕಚೇರಿಯ ಗುಮಾಸ್ತನ ಮುಂದೆ ಅಪ್ಪ ಸಿಟ್ಟಿನಿಂದ ಕೈಯಾಡಿಸಿ, "ವಾರದಿಂದ ತಿರುಗಿಸ್ತಿದೀಯಲ್ಲ, ನಾಚಿಕೆ ಆಗಲ್ವಾ ನಿನಗೆ?" ಎಂದ. ಫ್ರಾಕು ತೊಟ್ಟ ಹುಡುಗಿ ಹೆದರಿ, "ದಯವಿಟ್ಟು ಬೇಗ ಮಾಡಿಕೊಡಿ ಅಂತಿದಾರೆ" ಎಂದಳು. ಗುಮಾಸ್ತ ನಕ್ಕ. ಅಪ್ಪ ಆ ನಗುವನ್ನು ನೋಡಿದ್ದೇ ಮಗಳ ಕಡೆ ತಿರುಗಿದ. ಮನೆಗೆ ಬಂದ ಮೇಲೆ, "ನಾನು ಬೈದರೆ ಅವನು ಯಾಕೆ ನಗ್ತಾನೆ? ನನ್ನ ಮಾತಿಗೆ ಉಪ್ಪು ಸಕ್ಕರೆ ಹಾಕೋಕೆ ನೀನು ಯಾರು? ನನ್ನ ಬಾಯಿ ಆಗು, ಸಾಕು. ಬೇರೆ ಏನೂ ಆಗ್ಬೇಡ" ಎಂದು ಕೈಯಲ್ಲೇ ಜಾಡಿಸಿದ. ಅಲ್ಲಿಂದಾಚೆಗೆ ಅವಳು ಯಾರ ಮಾತಿಗೂ ಒಂದು ಪದ ಕೂಡಿಸಿದವಳಲ್ಲ, ಒಂದು ಪದ ಕಳೆದವಳಲ್ಲ. ಮುಂದೆ ತರಬೇತಿಗೆ ಹೋದಾಗ ಅಲ್ಲಿ ಕಲಿಸಿದ್ದೂ ಅದನ್ನೇ. "ಅವರು ಹೇಳ್ತಿದಾರೆ" ಅನ್ನುವಂತಿಲ್ಲ. "ನಾನು" ಎಂದೇ ಹೇಳಬೇಕು. ಹಾಗಾಗಿ ಈ ಸಣಕಲು ಹೆಂಗಸು ಡಾಕ್ಟರ ಮುಂದೆ ನಿಂತು "ಮೀಸೆ ಬಂದಾಗಿನಿಂದ ನನಗೆ ಬೀಡಿ ಚಟ ಇದೆ" ಎಂದು ಗಂಭೀರವಾಗಿ ಹೇಳಿ ನರ್ಸನ್ನು ಗಾಬರಿಪಡಿಸಿದ್ದುಂಟು.

ಇನ್ನೊಂದು ಸಂಗತಿ ಹೇಳಿಬಿಡಬೇಕು, ಮುಂದಿನದು ತಿಳಿಯಲು ಅದು ಬೇಕು. ಕೈಮಾತಿನವರು ನಡೆದದ್ದನ್ನು ವಿವರಿಸುವಾಗ "ಅವನು ಹೀಗೆ ಮಾಡಿದ" ಎನ್ನುವುದಿಲ್ಲ. ಭುಜವನ್ನು ಒಂದಿಷ್ಟು ಹೊರಳಿಸಿ, ಮುಖ ಬದಲಿಸಿ, ಅವನೇ ಆಗಿಬಿಡುತ್ತಾರೆ. ಕಂಡಕ್ಟರ್ ಬೈದ ಎಂದರೆ ಆ ಕ್ಷಣಕ್ಕೆ ಕಂಡಕ್ಟರೇ ಅಲ್ಲಿ ನಿಂತಿರುತ್ತಾನೆ. ದುಭಾಷಿಯೂ ಅವರ ಹಿಂದೆಯೇ ಹೊರಳಿ, ಅವನ "ನಾನು" ಆಗಬೇಕು. ಎಷ್ಟೋ ಜನ ಹೀಗೆ ಅವಳ ಬಾಯಲ್ಲಿ ಬಂದು ಹೋಗಿದ್ದರು. ಸತ್ತವರು ಮಾತ್ರ ಅದುವರೆಗೆ ಬಂದಿರಲಿಲ್ಲ.

ದೊಡ್ಡಮನೆಯಿಂದ ಕರೆ ಬಂದದ್ದು ಅಪ್ಪ ತೀರಿಕೊಂಡು ಅಮ್ಮ ಅವಳ ಜೊತೆಯಲ್ಲೇ ಇದ್ದ ಕಾಲದಲ್ಲಿ. ದೊಡ್ಡಮನೆ ಎಂದರೆ ಅಂಗವಿಕಲರ ಸರ್ಕಾರಿ ಆಶ್ರಯಮನೆ. ಎತ್ತರದ ಕಾಂಪೌಂಡು, ಒಳಗೆ ಕೋಣೆಗಳ ನಡುವೆ ಉದ್ದದ ಓಣಿಗಳು, ಎದೆಮಟ್ಟದವರೆಗೆ ಹಸಿರು ಎಣ್ಣೆಬಣ್ಣ ಬಳಿದ ಗೋಡೆಗಳು, ಸದಾ ಫಿನಾಯಿಲ್ ವಾಸನೆ. ಒಮ್ಮೆ ಒಳಗೆ ಬಂದವರು ಹೊರಗೆ ಹೋಗುವುದು ಹೆಣವಾಗಿಯೇ ಎಂಬಂತಿತ್ತು. ಈಗ ಇಲಾಖೆ ಒಂದು ಹೊಸ ಯೋಜನೆ ತಂದಿತ್ತು. ಕೆಲವರನ್ನು ಅಲ್ಲಿಂದ ಬಿಡಿಸಿ, ಊರ ನಡುವೆ ಸಾಧಾರಣ ಬಾಡಿಗೆ ಮನೆಗಳಲ್ಲಿ ನಾಲ್ಕು ನಾಲ್ಕು ಜನರಂತೆ ಇಡುವುದು, ನೋಡಿಕೊಳ್ಳಲು ಒಬ್ಬ ಸಹಾಯಕರನ್ನು ಕೊಡುವುದು. ಅದಕ್ಕೂ ಮೊದಲು ಅವರನ್ನೇ ಕೇಳುವುದು: ನಿಮಗೆ ಎಲ್ಲಿರಲು ಇಷ್ಟ? ಇಷ್ಟು ವರ್ಷ ಯಾರಿಗೂ ಹೊಳೆಯದ ಈ ಪ್ರಶ್ನೆ ಹೊಳೆದದ್ದು ಇಲಾಖೆಗೆ ಹೊಸದಾಗಿ ಬಂದ ಅಧಿಕಾರಿಣಿಗೆ. ಅವಸರದ ಹೆಂಗಸು, ಆದರೆ ಮನಸ್ಸು ಒಳ್ಳೆಯದು.

"ಎಲ್ಲರೂ ಹೂಂ ಅಂದಿದಾರೆ. ಒಬ್ಬರು ಬಿಟ್ಟು" ಎಂದು ಅಧಿಕಾರಿಣಿ ಓಣಿಯಲ್ಲಿ ಬಿರಬಿರನೆ ನಡೆಯುತ್ತ ಹೇಳಿದಳು. "ಚಿಕ್ಕ ಹುಡುಗ ಆಗಿದ್ದಾಗ ಇಲ್ಲಿಗೆ ಬಂದವರಂತೆ. ಕಿವಿ ಕೇಳಲ್ಲ, ಮಾತಿಲ್ಲ. ಕೈಭಾಷೆಯನ್ನೂ ಯಾರೂ ಕಲಿಸಿಲ್ಲ. ಮನೆ ಅಂತ ತೋರಿಸಿದ್ರೆ ಕೈ ಬೀಸಿಬಿಡ್ತಾರೆ. ಈ ತಿಂಗಳೊಳಗೆ ಒಪ್ಪದೇ ಇದ್ರೆ ಅವರ ಜಾಗ ಬೇರೆಯವರಿಗೆ ಹೋಗುತ್ತೆ. ಮತ್ತೆ ಇಂಥ ಅವಕಾಶ ಯಾವಾಗ ಬರುತ್ತೋ, ಅಷ್ಟರೊಳಗೆ ಅವರು ಇರ್ತಾರೋ ಇಲ್ವೋ."

ಹಿಂದೆಯೇ ಬರುತ್ತಿದ್ದ ವಾರ್ಡನ್, "ಗೋಡೆಯಪ್ಪನಿಗೆ ತಲೆ ಸರಿ ಇಲ್ಲ ಮೇಡಂ" ಎಂದಳು. ಐವತ್ತು ದಾಟಿದ, ದಪ್ಪನೆಯ, ಸೊಂಟದಲ್ಲಿ ಬೀಗದ ಕೈ ಗೊಂಚಲು ಸಿಕ್ಕಿಸಿಕೊಂಡ ಹೆಂಗಸು. ಇದೇ ಮನೆಯಲ್ಲಿ ಆಯಾ ಆಗಿ ಸೇರಿ ಮೇಲೆ ಬಂದವಳು. "ನಾವೇ ಇಟ್ಟ ಹೆಸರು. ಹಗಲೆಲ್ಲ ಗೋಡೆ ಹಿಡ್ಕೊಂಡೇ ಕೂತಿರ್ತಾನೆ. ಊಟಕ್ಕೂ ಎಳ್ಕೊಂಡೇ ಹೋಗ್ಬೇಕು."

ನಿಜ. ಸಾಲು ಮಂಚಗಳ ಕೊನೆಯಲ್ಲಿ, ಮೂಲೆಯ ಮಂಚದ ಮೇಲೆ, ಬೆಳ್ಳಗಿನ ಗಡ್ಡದ ಮುದುಕ ಕಾಲು ಮಡಚಿ ಕೂತಿದ್ದ. ಬಲಗೈಯ ಅಂಗೈ ಗೋಡೆಗೆ ಒತ್ತಿತ್ತು. ಅವನು ಕೈ ತೆಗೆದು ನಮಸ್ಕಾರ ಮಾಡಿದಾಗ ದುಭಾಷಿ ಗೋಡೆಯನ್ನು ನೋಡಿದಳು. ಗೋಡೆಯ ಎಣ್ಣೆಬಣ್ಣ ಆ ಜಾಗದಲ್ಲಿ ಸವೆದು ಹೋಗಿ, ಒಳಗಿನ ಗಾರೆ ಕಾಣುತ್ತಿತ್ತು. ಐದು ಬೆರಳು, ಒಂದು ಅಂಗೈ. ಎಷ್ಟು ವರ್ಷ ಕೈ ಇಟ್ಟರೆ ಗೋಡೆಯಲ್ಲಿ ಕೈ ಮೂಡೀತು?

ಅವಳು ಅವನ ಮುಂದೆ ಕೂತು, ತನಗೆ ಬರುವ ಸನ್ನೆಗಳನ್ನೆಲ್ಲ ಒಂದೊಂದಾಗಿ ಬಿಟ್ಟು ನೋಡಿದಳು. ಕಲಿತ ಸನ್ನೆ ಅವನಿಗೆ ಗೊತ್ತಿರಲಿಲ್ಲ. ಅವನವು ಅವನೇ ಕಟ್ಟಿಕೊಂಡ ಸನ್ನೆಗಳು. ಮನೆ, ಬಾಗಿಲು, ನೀನು, ಹೋಗುವುದು, ಇಷ್ಟು ಅವನಿಗೆ ತಿಳಿಯಿತು. ಅವನು ತಲೆಯಾಡಿಸಿ, ಗೋಡೆಗೆ ಬಡಿದು, ತನ್ನ ಕಿವಿಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದು, ಮತ್ತೆ ಗೋಡೆ ತೋರಿಸಿದ. ಅದನ್ನೇ ಮತ್ತೆ ಮತ್ತೆ ಮಾಡಿದ. ಯಾವುದೋ ಹೆಂಗಸಿನ ಮಾತು ಎಂಬುದಷ್ಟೇ ಅವಳಿಗೆ ಹೊಳೆಯಿತು.

"ಏನಂತೆ? ಬರಲ್ಲ ಅಂತ ತಾನೇ?" ಎಂದಳು ಅಧಿಕಾರಿಣಿ.

"ನನಗೆ ಅರ್ಥ ಆಗಿಲ್ಲ ಮೇಡಂ. ಅದನ್ನ 'ಬರಲ್ಲ' ಅಂತ ಮಾಡ್ಬೇಡಿ. ಇನ್ನೊಂದು ಸಲ ಬರ್ತೀನಿ, ನಮ್ಮಮ್ಮನ್ನ ಕರ್ಕೊಂಡು. ಅಮ್ಮನೂ ಶಾಲೆ ನೋಡಿದವಳಲ್ಲ. ಇಂಥ ಸನ್ನೆ ನನಗಿಂತ ಅವಳಿಗೆ ಚೆನ್ನಾಗಿ ತಿಳಿಯುತ್ತೆ."

ಏಳುವಾಗ, ಚಿಕ್ಕಂದಿನ ಅಭ್ಯಾಸ, ಅವಳು ತನ್ನ ಅಂಗೈಯನ್ನು ಆ ಸವೆದ ಜಾಗಕ್ಕೆ ಇಟ್ಟಳು. ಗೋಡೆ ತಣ್ಣಗಿತ್ತು. ಒಳಗಿನಿಂದ ಯಾರೋ ಎರಡು ಸಲ ತಟ್ಟಿದರು. ಕಿವಿಗೆ ಏನೂ ಕೇಳಿಸಲಿಲ್ಲ. ಅಂಗೈಗೆ ಮಾತ್ರ ತಿಳಿಯಿತು. ಯೋಚಿಸುವ ಮೊದಲೇ ಅವಳ ಬೆರಳುಗಳು ತಿರುಗಿ ಎರಡು ಸಲ ತಟ್ಟಿದ್ದವು.

"ಈ ಗೋಡೆ ಆಚೆ ಯಾರಿದಾರೆ?"

"ಯಾರೂ ಇಲ್ವಲ್ಲ. ಹಾಳುಮೂಳು ಇಡೋ ಕೋಣೆ" ಎಂದು ವಾರ್ಡನ್ ಓಣಿಗೆ ಬಂದು, ಪಕ್ಕದ ಸಣ್ಣ ಬಾಗಿಲ ಚಿಲಕ ಸರಿಸಿ ತೆರೆದು ತೋರಿಸಿದಳು. ಒಳಗೆ ಹಾಳೂ ಇರಲಿಲ್ಲ, ಮೂಳೂ ಇರಲಿಲ್ಲ. ನೆಲದ ಮೇಲೆ ಒಂದು ತೆಳ್ಳನೆಯ ಹಾಸಿಗೆ, ಮೇಲೆ ಅಂಗೈಯಗಲದ ಕಿಂಡಿ. ಚಿಲಕ ಇದ್ದದ್ದು ಹೊರಗಡೆ ಮಾತ್ರ. "ಮೇಲಿನ ಟ್ಯಾಂಕಿನ ಪೈಪು ಗೋಡೆ ಒಳಗೇ ಇಳಿಯುತ್ತೆ. ನೀರು ಬಿಟ್ಟಾಗೆಲ್ಲ ಬಡ್ಕೊಳುತ್ತೆ" ಎಂದಳು ವಾರ್ಡನ್, ಬಾಗಿಲನ್ನು ಬೇಗ ಮುಚ್ಚುತ್ತ. ಮುದುಕ ಮಂಚದಿಂದಲೇ ದುಭಾಷಿಯನ್ನು ನೋಡುತ್ತಿದ್ದ. ಈಗ ಗೊತ್ತಾಯಿತಲ್ಲ ಎಂಬಂತೆ ಮೆಲ್ಲನೆ ತಲೆಯಾಡಿಸಿದ.

ಸಂಜೆ ಅಮ್ಮನ ಮುಂದೆ ಕೂತು ಎಲ್ಲವನ್ನೂ ಕೈಯಲ್ಲಿ ಹೇಳಿದಳು. ಅಮ್ಮ ತರಕಾರಿ ಹೆಚ್ಚುತ್ತಿದ್ದವಳು ಚಾಕು ಕೆಳಗಿಟ್ಟಳು.

"ನೀನು ತಿರುಗಿ ತಟ್ಟಿದ ಮೇಲೆ ಏನಾಯ್ತು?"

"ನಿಂತಿತು."

"ಪೈಪಿಗೆ ಉತ್ತರ ಬೇಕಾಗಿಲ್ಲ" ಎಂದಳು ಅಮ್ಮ. ಮತ್ತೆ ಚಾಕು ಎತ್ತಿಕೊಂಡಳು.

ಎರಡನೆಯ ಸಲ ಹೋದಾಗ ದೊಡ್ಡಮನೆಗೆ ದೊಡ್ಡಮನೆಯೇ ಸಿಂಗರಿಸಿಕೊಂಡಿತ್ತು. ಇಲಾಖೆಯ ಮೇಲಿನವರು ಇಬ್ಬರು ಬರುತ್ತಾರೆಂದು ಮಂಚಗಳಿಗೆ ಮಡಿಕೆ ಬಿಡಿಸದ ಹೊಸ ಹೊದಿಕೆ, ಮುಂದಿನ ಹಾಲ್‌ನಲ್ಲಿ ಸಾಲು ಕುರ್ಚಿ, ಮೇಜಿಗೊಂದು ಬಟ್ಟೆ, ಹೂದಾನಿ. ಇದ್ದವರಿಗೆಲ್ಲ ಎಣ್ಣೆ ಹಚ್ಚಿ ತಲೆ ಬಾಚಿ ಕೂರಿಸಿದ್ದರು. ಅಮ್ಮ ಒಳಗೆ ಕಾಲಿಟ್ಟವಳೇ ಮೂಗು ಮುರಿದು, "ಫೋಟೋಗೆ ಕೂತ ಹಾಗಿದಾರೆ. ಯಾರಿಗೂ ಮೂಗು ಕೆರ್ಕೊಳೋ ಧೈರ್ಯ ಇಲ್ಲ" ಎಂದು ಮಗಳಿಗೆ ಕೈಯಾಡಿಸಿದಳು.

ಮುದುಕನನ್ನು ಅಡುಗೆಯಾಕೆ ರಟ್ಟೆ ಹಿಡಿದು ಕರೆತಂದಳು. ಅವನಿಗೆ ಬರಲು ಇಷ್ಟವಿರಲಿಲ್ಲ. ಕುರ್ಚಿಯಲ್ಲಿ ಕೂತ ಮೇಲೂ ಕುಂಡೆ ಊರದೆ, ಓಣಿಯ ಕಡೆಗೆ ತಿರುಗಿ ತಿರುಗಿ ನೋಡುತ್ತಿದ್ದ. ಬಲ ಅಂಗೈ ತೊಡೆಯ ಮೇಲೆ ಬಿಚ್ಚಿಕೊಂಡೇ ಇತ್ತು.

ಅಮ್ಮ ತನ್ನ ಕುರ್ಚಿಯನ್ನು ಎಳೆದು ಅವನ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಹಾಕಿಕೊಂಡಳು. ಇಬ್ಬರೂ ಸ್ವಲ್ಪ ಹೊತ್ತು ಒಬ್ಬರನ್ನೊಬ್ಬರು ಅಳೆದರು. ಅಮ್ಮ ಏನೋ ಒಂದು ಸನ್ನೆ ಮಾಡಿ ಅಡುಗೆಯಾಕೆಯ ಕಡೆ ಕಣ್ಣು ಹೊರಳಿಸಿದಳು. ಅವನು ಹೊಟ್ಟೆ ಹಿಡಿದುಕೊಂಡು ಕೆಟ್ಟ ಮುಖ ಮಾಡಿದ. ಅಮ್ಮ ನಕ್ಕಳು, ಅವನೂ ನಕ್ಕ. ಅವನು ನಗುತ್ತಾನೆ ಎಂಬುದೇ ಅಲ್ಲಿದ್ದವರಿಗೆ ಹೊಸ ಸುದ್ದಿ. ಆಮೇಲೆ ಕೈಗಳು ಬಿಚ್ಚಿಕೊಂಡವು. ಅವನು ಅಮ್ಮನಿಗೆ, ಅಮ್ಮ ಮಗಳಿಗೆ, ಮಗಳು ಸಭೆಗೆ, ಹೀಗೆ ಮಾತು ಸಾಗಿತು. ಮಗಳು ಗೊತ್ತಿದ್ದ ನಿಯಮದಂತೆ "ನಾನು" ಎಂದೇ ಹೇಳಿದಳು.

"ಹೊಸ ಮನೆಗೆ ಬರ್ತೀರಾ?" ಎಂದು ಅಧಿಕಾರಿಣಿ ಕೇಳಿದಳು.

"ಬರೋಕೆ ಆಸೆ ಇದೆ. ಆಗಲ್ಲ. ನಾನು ಹೋದ್ರೆ ಗೋಡೆ ಯಾರು ಹಿಡೀತಾರೆ?"

ಮೇಲಿನವರಲ್ಲೊಬ್ಬ ನಕ್ಕ. ಅಧಿಕಾರಿಣಿ ನಗಲಿಲ್ಲ. "ಗೋಡೆ ಯಾಕೆ ಹಿಡೀಬೇಕು?" ಎಂದಳು.

ಮುದುಕ ಎದ್ದು ನಿಂತ. ಕಿವಿಯ ತುದಿ ಹಿಡಿದು ತೋರಿಸಿದ. ಅಮ್ಮನಿಗೆ ಕೂಡಲೇ ತಿಳಿಯಿತು. ಒಂದೇ ಕಿವಿಗೆ ಓಲೆ ಹಾಕಿಕೊಂಡಿದ್ದ ಯಾರೋ ಒಬ್ಬಳು.

"ಒಂಟಿ ಓಲೆಯವಳು ಒಬ್ಬಳಿದ್ದಳು. ಅವಳಿಗೆ ಆಗಾಗ ಮೂರ್ಛೆ ಬರ್ತಿತ್ತು. ಬಿದ್ದು ನೊರೆ ಕಾರ್ತಿದ್ದಳು. ದೊಡ್ಡ ಜನ ಬರೋ ದಿನ ಅವಳನ್ನ ಸಣ್ಣ ಕೋಣೆಗೆ ಹಾಕ್ತಿದ್ರು, ಅವರ ಕಣ್ಣಿಗೆ ಬೀಳ್ಬಾರ್ದು ಅಂತ. ನನ್ನ ಮಂಚ ಈಚೆ. ಅವಳು ಗೋಡೆ ತಟ್ತಿದ್ದಳು, ನಾನು ತಟ್ತಿದ್ದೆ. ಇದೀಯಾ? ಇದೀನಿ. ಅಷ್ಟೇ ನಮ್ಮ ಮಾತು."

ವಾರ್ಡನ್ ಸೊಂಟದ ಬೀಗದ ಕೈಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಒಂದು ದಿನ ಇಲ್ಲಿ ಹೀಗೇ ಕುರ್ಚಿ ಹಾಕಿದ್ರು. ನಮ್ಮಂಥವರ ದಿನ ಅಂತೆ, ನಮಗೆ ಸನ್ಮಾನ ಅಂತೆ. ದೊಡ್ಡ ಮೈಕು. ನೆಲ ಗುಂಯ್ ಅಂತಿತ್ತು, ನನ್ನ ಕಾಲಿಗೆ ತಿಳೀತಿತ್ತು. ಎಲ್ಲರೂ ಇಲ್ಲಿದ್ರು. ನಾನು ಮಂಚದ ಮೇಲಿದ್ದೆ. ಅವಳು ತಟ್ಟಿದಳು. ಎರಡಲ್ಲ. ತುಂಬಾ. ಬಡಿದಳು."

ಯೋಚಿಸಿ ನೋಡಿದರೆ ಹೊಟ್ಟೆ ಉರಿಯುತ್ತದೆ. ಅಷ್ಟು ಕಿವಿಗಳಿದ್ದ ಆ ಮನೆಯಲ್ಲಿ ಆ ಮಧ್ಯಾಹ್ನ ಅವಳ ಕೂಗು ಮುಟ್ಟಿದ್ದು ಕಿವಿಯೇ ಇಲ್ಲದ ಒಬ್ಬನಿಗೆ.

"ನಾನು ಓಡಿದೆ. ಚಿಲಕಕ್ಕೆ ಬೀಗ ಹಾಕಿದ್ರು. ಇಲ್ಲಿಗೆ ಓಡಿ ಬಂದೆ. ದೊಡ್ಡ ಮನುಷ್ಯನ ಕೈ ಹಿಡಿದು ಎಳೆದೆ. ಅವನು ನಕ್ಕ. ನನ್ನ ಕೈಗೆ ಒಂದು ಬಾಳೆಹಣ್ಣು ಕೊಟ್ಟ. ಫೋಟೋ ತೆಗೆದ್ರು. ಆಮೇಲೆ ಇಬ್ಬರು ನನ್ನನ್ನ ಎತ್ತಿಕೊಂಡು ಹೋಗಿ ಮಂಚದ ಮೇಲೆ ಹಾಕಿದ್ರು. ನಾನು ಗೋಡೆಗೆ ಕೈ ಇಟ್ಟೆ."

ಅಲ್ಲಿ ಅವನು ನಿಂತ. ಭುಜ ಹೊರಳಿಸಿದ. ಕತ್ತು ವಾಲಿತು, ಕಣ್ಣು ದೊಡ್ಡದಾಯಿತು, ಬಾಯಿ ತೆರೆಯಿತು. ಗಡ್ಡದ ಮುದುಕ ಅಲ್ಲಿರಲಿಲ್ಲ. ಅವನು ಇಲ್ಲದ ಬಾಗಿಲನ್ನು ಎರಡೂ ಮುಷ್ಟಿಯಿಂದ ಬಡಿಯತೊಡಗಿದ. ಅಮ್ಮನ ಭುಜವೂ ಹೊರಳಿತು. ದುಭಾಷಿ ಅವರ ಹಿಂದೆ ಹೋಗಲೇಬೇಕು. ಅವಳ ಬಾಯಿಂದ ಬಂದ ದನಿ ಅವಳಿಗೇ ಗುರುತು ಸಿಗಲಿಲ್ಲ. ತೆಳ್ಳಗಿತ್ತು, ತೊದಲಿನಂತಿತ್ತು.

"ನಾನು ಒಳಗಿದೀನಿ. ಕತ್ತಲೆ ಇದೆ. ಬರ್ತಿದೆ, ನನಗೆ ಬರ್ತಿದೆ. ಚಿಕ್ಕಿ, ತೆಗಿ. ಚಿಕ್ಕಿ, ತೆಗಿಯೇ."

ಹೂದಾನಿ ಉರುಳಿದ ಸದ್ದಾಯಿತು. ವಾರ್ಡನ್ ಮೇಜಿಗೆ ಆತುಕೊಂಡು ನಿಂತಿದ್ದಳು.

"ಯಾರು ಹೇಳಿದ್ರು ನಿಮಗೆ? ನನ್ನನ್ನ ಚಿಕ್ಕಿ ಅಂತ ಕರೀತಿದ್ದೋಳು ಅವಳೊಬ್ಬಳೇ. ಯಾರು ಹೇಳಿದ್ರು?"

ದುಭಾಷಿ ಗಾಬರಿಯಿಂದ ಅಮ್ಮನ ಕಡೆ ತಿರುಗಿ, "ನೀನು ಚಿಕ್ಕಿ ಅಂದೆಯಾ?" ಎಂದು ಕೈಯಾಡಿಸಿದಳು. ಅಮ್ಮ ಹುಬ್ಬು ಗಂಟಿಕ್ಕಿದಳು. "ಇಲ್ವಲ್ಲ. ಅವನು 'ತೆಗಿ' ಅಂದ. ನಾನೂ 'ತೆಗಿ' ಅಂದೆ. ಅಷ್ಟೇ." ಅಪ್ಪ ಬೈದ ದಿನದಿಂದ ಬೇರೊಬ್ಬರ ಮಾತಿಗೆ ಪದ ಸೇರಿಸದವಳ ಬಾಯಲ್ಲಿ ಒಂದು ಪದ ತಾನಾಗಿ ಬಂದು ಕೂತಿತ್ತು.

ಮುದುಕ ಮಾತ್ರ ನಿಲ್ಲಿಸಿರಲಿಲ್ಲ. ಈಗ ಅವನು ಅವನೇ ಆಗಿದ್ದ. ಓಣಿಯ ಕಡೆ ಕೈ ಚಾಚಿ, ನೆಲಕ್ಕೆ ಬೆರಳು ತೋರಿಸಿ, ಮತ್ತೆ ಓಣಿಯ ಕಡೆ. ಅಮ್ಮ ಅದನ್ನು ಓದಿದವಳೇ ಕುರ್ಚಿಯಿಂದ ಎದ್ದುಬಿಟ್ಟಳು. ಮಗಳು ಕೂಗಿ ಹೇಳಿದಳು: "ಈಗಲೂ! ಈಗಲೂ ಒಳಗೆ ಒಬ್ಬಳಿದಾಳೆ, ನನ್ನನ್ನ ಯಾಕೆ ಇಲ್ಲಿ ಕೂರಿಸಿದೀರಿ!"

ವಾರ್ಡನ್ ಓಡಿದಳು. ಆ ದಪ್ಪ ಮೈಯ ಹೆಂಗಸು ಹಾಗೆ ಓಡಬಲ್ಲಳೆಂದು ಯಾರೂ ಎಣಿಸಿರಲಿಲ್ಲ. ಬೀಗದ ಕೈ ತೂತಿಗೆ ಸಿಗಲಿಲ್ಲ. ಅಡುಗೆಯಾಕೆ ಕಿತ್ತುಕೊಂಡು ತೆಗೆದಳು. ಚಿಲಕ ಸರಿಯಿತು. ಒಳಗೆ, ಹಾಸಿಗೆಯಿಂದ ಆಚೆಗೆ ಉರುಳಿ, ಮುಖ ಗೋಡೆಗೆ ಒತ್ತಿಕೊಂಡು, ಹಸಿರು ಲಂಗದ ಹುಡುಗಿಯೊಬ್ಬಳು ಸೆಟೆದು ಬಿದ್ದಿದ್ದಳು. ತುಟಿ ನೀಲಿಗಟ್ಟಿತ್ತು. ಮೇಲಿನವರು ಬರುತ್ತಾರೆಂದು ಬೆಳಿಗ್ಗೆಯೇ ಅವಳನ್ನು ಅಲ್ಲಿ ಹಾಕಿದ್ದರು. ಅಮ್ಮ ಯಾರನ್ನೂ ಕೇಳದೆ ಒಳನುಗ್ಗಿ ಹುಡುಗಿಯನ್ನು ಪಕ್ಕಕ್ಕೆ ಹೊರಳಿಸಿ, ಗಲ್ಲ ಎತ್ತಿ, ಬಾಯಿಯ ನೊರೆ ಒರೆಸಿದಳು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಹುಡುಗಿ ಕರಕರನೆ ಒಂದು ಉಸಿರು ಎಳೆದುಕೊಂಡಳು. ಇನ್ನೊಂದು ಎಳೆದಳು. ಓಣಿಯಲ್ಲಿ ನಿಂತವರೆಲ್ಲ ಅವಳ ಜೊತೆಗೇ ಉಸಿರು ಬಿಟ್ಟರು.

ವಾರ್ಡನ್ ಹೊಸ್ತಿಲಲ್ಲೇ ಕುಸಿದು ಕೂತಿದ್ದಳು. "ಅವತ್ತೂ ನಾನೇ ಬೀಗ ಹಾಕಿದ್ದು. ಆಗ ನಾನು ಆಯಾ. ಹಾಕು ಅಂದ್ರು, ಹಾಕಿದೆ. ಸಮಾರಂಭದ ಗಡಿಬಿಡೀಲಿ ಮರ್ತೇಬಿಟ್ಟೆ. ಸಂಜೆ ತೆಗೆದಾಗ ತಣ್ಣಗಾಗಿದ್ಲು. ನಿದ್ದೇಲಿ ಹೋದ್ಲು ಅಂದ್ರು. ನಾನೂ ಹಾಗೇ ಅಂದೆ." ಯಾರೂ ಅವಳನ್ನು ಸಮಾಧಾನಪಡಿಸಲಿಲ್ಲ, ಬೈಯಲೂ ಇಲ್ಲ. ಹಾಗೆ ಸತ್ತವಳನ್ನು ಮರೆತವರು ಮತ್ತೆ ಅದೇ ಕೋಣೆಗೆ ಅಂಥ ಇನ್ನೊಬ್ಬಳನ್ನು ಹೇಗೆ ಹಾಕುತ್ತಿದ್ದರು ಎಂದು ಕೇಳಬೇಡಿ. ಹೊರಗಿನ ಚಿಲಕ ಇರುವ ಬಾಗಿಲು ಇದ್ದರೆ ಅದನ್ನು ಹಾಕುವ ಕೈ ಯಾವಾಗಲೂ ಸಿಗುತ್ತದೆ.

ಅಧಿಕಾರಿಣಿ ಸ್ಕ್ರೂಡ್ರೈವರ್ ತರಿಸಿದಳು. ಕೆಲಸದವನ ಕೈಗೆ ಕೊಡದೆ ತಾನೇ ಮಂಡಿಯೂರಿ ಕೂತು ಚಿಲಕ ಬಿಚ್ಚಿದಳು. ತುಕ್ಕು ಹಿಡಿದ ಸ್ಕ್ರೂ, ಬೆರಳು ಕೊಯ್ದುಕೊಂಡರೂ ಬಿಡಲಿಲ್ಲ. ಮೇಲಿನವರಿಬ್ಬರೂ ಗೋಡೆ ನೋಡುತ್ತ ನಿಂತಿದ್ದರು. ಮುದುಕ ಮುಂದೆ ಬಂದು ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡ, ಒಳಗಿನಿಂದ ತಳ್ಳಿದ. ತೆರೆಯಿತು. ಮತ್ತೊಮ್ಮೆ ಹಾಕಿ ತಳ್ಳಿದ. ಮತ್ತೊಮ್ಮೆ. ಆಮೇಲೆ ಹಸಿರು ಲಂಗದ ಹುಡುಗಿಯನ್ನು ತೋರಿಸಿ, ತನ್ನನ್ನು ತೋರಿಸಿಕೊಂಡು, ಎರಡೂ ಕೈಗಳನ್ನು ತಲೆಯ ಮೇಲೆ ಸೂರಿನಂತೆ ಕೂಡಿಸಿದ.

"ಇವಳೂ ಬಂದ್ರೆ ನಾನು ಬರ್ತೀನಿ" ಎಂದಳು ದುಭಾಷಿ. ಅದಕ್ಕೆ ಯಾರಿಗೂ ಬೇರೆ ವಿವರಣೆ ಬೇಕಾಗಲಿಲ್ಲ.

ಮುಂದೆ ಆದೇಶ ಬಂತು. ಯಾವ ಆಶ್ರಯಮನೆಯಲ್ಲೂ ಮಲಗುವ ಕೋಣೆಗೆ ಹೊರಗಿನಿಂದ ಚಿಲಕ ಇರಬಾರದು. ಮೂರ್ಛೆ ಬರುವವರನ್ನು ಒಂಟಿಯಾಗಿ ಬಿಡಬಾರದು. ಕೈಮಾತಿನವರಿದ್ದಲ್ಲಿ ಆಗಾಗ ದುಭಾಷಿ ಬಂದು ಅವರನ್ನು ಮಾತಾಡಿಸಬೇಕು. ಯಾರಾದರೂ ಸತ್ತರೆ ಜೊತೆಯಲ್ಲಿದ್ದವರಿಗೆ ಅವರಿಗೆ ತಿಳಿಯುವಂತೆ ಹೇಳಬೇಕು, ಅವರು ಕಂಡದ್ದನ್ನು ಕೇಳಬೇಕು. ಇಷ್ಟನ್ನು ಹೇಳಲು ಒಂದು ಸರ್ಕಾರ ಬೇಕಾಯಿತೇ ಎಂದು ಯಾರಿಗಾದರೂ ಅನಿಸೀತು. ಬೇಕಾಯಿತು. ಅದಕ್ಕಿಂತ ಮೊದಲು ಒಬ್ಬ ಮುದುಕ ಗೋಡೆಯ ಬಣ್ಣ ಸವೆಯುವವರೆಗೆ ಕಾಯಬೇಕಾಯಿತು.

ದೊಡ್ಡಮನೆಯ ಆ ಭಾಗವನ್ನೇ ಖಾಲಿ ಮಾಡಿದ ದಿನ ದುಭಾಷಿಯೂ ಹೋಗಿದ್ದಳು. ಹಗಲು ಬೆಳಕು ನೆಟ್ಟಗೆ ಕಿಟಕಿಯಿಂದ ಬೀಳುತ್ತಿತ್ತು. ಮಂಚಗಳಿರಲಿಲ್ಲ, ಟ್ಯಾಂಕು ಬರಿದು ಮಾಡಿ ನಲ್ಲಿಗಳನ್ನು ಕಟ್ಟಿದ್ದರು. ಮುದುಕ, ಹುಡುಗಿ, ಇನ್ನಿಬ್ಬರು ಹೊರಗೆ ವ್ಯಾನಿನಲ್ಲಿ ಕೂತಾಗಿತ್ತು. ಅಮ್ಮ ಅವರ ಜೊತೆ ಕೂತು ಹೊಸ ಮನೆಯ ಅಡುಗೆಯ ಬಗ್ಗೆ ಕೈಯಲ್ಲೇ ಪಂಚಾಯಿತಿ ನಡೆಸಿದ್ದಳು. ಮುದುಕ ಬಾಚಣಿಗೆ ಮರೆತು ಬಂದಿದ್ದ. ಅದನ್ನು ತರಲೆಂದು ಅವಳು ಒಳಗೆ ಬಂದಳು. ಬಾಚಣಿಗೆ ಕಿಟಕಿಯ ಕಟ್ಟೆಯಲ್ಲಿ ಸಿಕ್ಕಿತು. ಹೊರಟವಳು, ಸವೆದ ಅಂಗೈಯ ಗುರುತು ಕಂಡು, ಸುಮ್ಮನೆ ತನ್ನ ಕೈ ಇಟ್ಟಳು.

ಎರಡು ಸಲ.

ಅವಳು ಕೈ ತೆಗೆಯಲಿಲ್ಲ. ತೆಗೆಯಲು ಆಗಲಿಲ್ಲ. ಪೈಪಿನಲ್ಲಿ ನೀರಿಲ್ಲ, ಕೋಣೆಯಲ್ಲಿ ಯಾರೂ ಇಲ್ಲ, ಬಾಗಿಲು ಓಣಿಗೆ ಹಾರು ಹೊಡೆದು ನಿಂತಿದೆ. ಮತ್ತೆ ಎರಡು ಸಲ. ಹಿಂದೆ ಹೆಜ್ಜೆ ಸದ್ದಾಯಿತು. ಬೀಗದ ಕೈ ಗೊಂಚಲು ಒಪ್ಪಿಸಿ ಹೋಗಲು ಬಂದಿದ್ದ ವಾರ್ಡನ್ ಅಲ್ಲಿ ನಿಂತಿದ್ದಳು. ಅವಳ ಮೇಲೆ ವಿಚಾರಣೆ ನಡೆಯುತ್ತಿತ್ತು. ಅರ್ಧ ಇಳಿದುಹೋಗಿದ್ದಳು. ದುಭಾಷಿಯ ಕೈ ಎಲ್ಲಿದೆ ಎಂದು ನೋಡಿದಳು, ಮುಖ ನೋಡಿದಳು.

"ಅವಳಾ?"

"ಗೊತ್ತಿಲ್ಲ. ಎರಡು ಸಲ ತಟ್ತಿದಾರೆ. ನಾನು ಏನೂ ಸೇರಿಸಲ್ಲ."

ವಾರ್ಡನ್ ತಾನೂ ಅಂಗೈ ಇಟ್ಟಳು. ಕಾದಳು. ಅವಳಿಗೆ ಏನೂ ತಿಳಿಯಲಿಲ್ಲ. "ನನ್ನ ಹತ್ರ ಮಾತಾಡಲ್ಲ ಅವಳು. ನೀವು ಹೇಳ್ತೀರಾ?"

"ಏನಂತ? ಅದನ್ನ ನೀವೇ ಹೇಳ್ಬೇಕು. ನಾನು ಮುಟ್ಟಿಸ್ತೀನಿ."

ವಾರ್ಡನ್ ಮೂರು ಮಾತು ಹೇಳಿದಳು, ಸೆರಗಿನಿಂದ ಬಾಯಿ ಮುಚ್ಚಿಕೊಂಡು. ದುಭಾಷಿ ಗೋಡೆಯ ಕಡೆ ತಿರುಗಿದಳು. ಎರಡು ಸಲ ತಟ್ಟಿದಳು. ಆಮೇಲೆ, ಅಪ್ಪ ಕಲಿಸಿದ ಹಾಗೆ ಉಪ್ಪು ಸಕ್ಕರೆ ಹಾಕದೆ, ಬೇರೊಬ್ಬಳ "ನಾನು" ಆಗಿ ಹೇಳಿದಳು:

"ಚಿಕ್ಕಿ ಬಂದಿದೀನಿ ಕಣೇ. ತಡ ಮಾಡಿಬಿಟ್ಟೆ. ಬಾಗಿಲು ತೆಗೆದಿದೀನಿ, ಬಾ."

ಹೊರಗೆ ವ್ಯಾನಿನವನು ಹಾರ್ನ್ ಹೊಡೆದ. ಇಬ್ಬರೂ ಅಂಗೈ ಇಟ್ಟುಕೊಂಡು ಇನ್ನಷ್ಟು ಹೊತ್ತು ನಿಂತಿದ್ದರು. ಗೋಡೆ ಮತ್ತೆ ತಟ್ಟಲಿಲ್ಲ.